ಪ್ರಣಯ ಕಾದಂಬರಿಗೂ ಕೈ ಕೆಸರಾಗಬೇಕು

ಪ್ರಣಯ ಕಾದಂಬರಿ ಎಂದೊಡನೆ ನಮ್ಮಲ್ಲಿ ಅನೇಕರು ಮೂಗು ಮುರಿಯುತ್ತೇವೆ. ಮನೆಯಾಕೆ ಕೆಲಸ ಮುಗಿಸಿ ಅಂಥದೊಂದು ಪುಸ್ತಕ ಹಿಡಿದು ಕುಳಿತರೆ, "ಹೊತ್ತು ಹೋಗದವರ ಓದು" ಎಂದು ಹಾಸ್ಯ ಮಾಡುತ್ತೇವೆ. ಊರಿನಲ್ಲಿಯೂ ಹೆಂಗಸರು ಬರೆದುದನ್ನು 'ಅಡುಗೆಮನೆ ಸಾಹಿತ್ಯ'ವೆಂದು ಪಕ್ಕಕ್ಕೆ ಸರಿಸಿದವರಿದ್ದರು. ಈ ಅಸಡ್ಡೆ ಸಲ್ಲದೆಂಬುದು ನಮ್ಮ ಅಭಿಪ್ರಾಯ. ನಾವು ನೆಲೆಸಿರುವ ಈ ಇಂಗ್ಲೆಂಡಿನ ಲೇಖಕಿಯೊಬ್ಬರ ಬಾಳೇ ಇದಕ್ಕೆ ಸಾಕ್ಷಿ.

ಜಾರ್ಜೆಟ್ ಹೇಯರ್ 1902ರಲ್ಲಿ ವಿಂಬಲ್ಡನ್‌ನಲ್ಲಿ ಹುಟ್ಟಿದರು. ಕಾಯಿಲೆ ಬಿದ್ದು ಚೇತರಿಸಿಕೊಳ್ಳುತ್ತಿದ್ದ ತಮ್ಮನ ಬೇಸರ ಕಳೆಯಲು ಹದಿಹರೆಯದಲ್ಲಿ ಕಟ್ಟಿ ಹೇಳಿದ ಕಥೆಯೇ 1921ರಲ್ಲಿ 'ದಿ ಬ್ಲ್ಯಾಕ್ ಮಾತ್' ಎಂಬ ಮೊದಲ ಕಾದಂಬರಿಯಾಗಿ ಅಚ್ಚಾಯಿತು. 1974ರಲ್ಲಿ ತೀರಿಕೊಳ್ಳುವವರೆಗೂ ಬರವಣಿಗೆ ಅವರ ಜೀವನೋಪಾಯವಾಗಿತ್ತು. ಗಂಡ ಗಣಿ ಇಂಜಿನಿಯರ್ ಕೆಲಸ ಬಿಟ್ಟು ವಕೀಲಿ ಓದಿದಾಗ ಸಂಸಾರದ ಭಾರ ಹೊತ್ತದ್ದೂ ಆ ಲೇಖನಿಯೇ.

ಕಥೆ ಹಗುರವೆನಿಸಿದರೂ ಅದರ ಹಿಂದಿನ ದುಡಿಮೆ ಹಗುರವಲ್ಲ. ಹೇಯರ್ ಅವರ ಮನೆಯಲ್ಲಿ ಸಾವಿರಕ್ಕೂ ಮಿಕ್ಕಿ ಆಕರಗ್ರಂಥಗಳಿದ್ದವು. ಉಡುಪು, ಟೋಪಿ, ಅಂಗಡಿ, ಬೆಲೆ ಎಂದು ವಿಂಗಡಿಸಿದ ಟಿಪ್ಪಣಿ ಪುಸ್ತಕಗಳಲ್ಲಿ, ಇಂಥ ವರ್ಷ ಮೋಂಬತ್ತಿಗೆ ಎಷ್ಟು ಬೆಲೆಯಿತ್ತು ಎಂಬುದೂ ದಾಖಲಾಗಿತ್ತು. 1931ರ 'ದಿ ಕಾಂಕರರ್' ಕಾದಂಬರಿಗಾಗಿ ವಿಲಿಯಂ ದೊರೆ ಇಂಗ್ಲೆಂಡಿಗೆ ದಂಡೆತ್ತಿ ಬಂದ ದಾರಿಯಲ್ಲಿ ತಾವೇ ಪ್ರಯಾಣ ಮಾಡಿದರು. ವಾಟರ್ಲೂ ಯುದ್ಧದ ಹಿನ್ನೆಲೆಯ 'ಆನ್ ಇನ್‌ಫೇಮಸ್ ಆರ್ಮಿ' 1937ರಲ್ಲಿ ಬಂತು. ಅದರಲ್ಲಿ ವೆಲಿಂಗ್ಟನ್ ಡ್ಯೂಕನ ಬಾಯಿಂದ ಬರುವ ಮಾತೆಲ್ಲ ಅವನು ಆಡಿದ್ದು ಇಲ್ಲವೆ ಬರೆದದ್ದೇ ಆಗಿರಬೇಕೆಂಬ ಹಟ ಅವರದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ಅಧಿಕಾರ ನಡೆಸಿದ ವೆಲ್ಲೆಸ್ಲಿಯೇ ಈ ಡ್ಯೂಕ್. ಅವನ ಬರವಣಿಗೆಯ ಧಾಟಿ ಹಿಡಿಯಲು ಅವನದೇ ಒಂದು ಕಾಗದವನ್ನು ಹಣ ಕೊಟ್ಟು ಕೊಂಡಿದ್ದರು.

ಪರದೇಶದಲ್ಲಿರುವ ನಮಗೆ ಮುಖ್ಯವಾದ ಸಂಗತಿ ಇನ್ನೊಂದಿದೆ. ಮದುವೆಯಾದ ಹೊಸದರಲ್ಲಿ ಆಕೆ ಗಂಡನೊಡನೆ ಆಫ್ರಿಕದ ಟಾಂಗನ್ಯೀಕಕ್ಕೆ ಹೋಗಿ, ಕಾಡಿನ ನಡುವೆ ಹುಲ್ಲಿನ ಗುಡಿಸಲಿನಲ್ಲಿದ್ದರು. ತಮ್ಮ ಪುಸ್ತಕಗಳ ಆಸರೆಯಿಲ್ಲದೆ ಅಲ್ಲಿ ಕುಳಿತು 1745ರ ಇಂಗ್ಲೆಂಡಿನ ಕಥೆಯಾದ 'ದಿ ಮಾಸ್ಕರೇಡರ್ಸ್' ಬರೆದರು. ಲಂಡನ್ನಿನ ಒಂದು ಕ್ಲಬ್ಬಿನ ಆರಂಭವನ್ನು ಒಂದೇ ಒಂದು ವರ್ಷ ಹಿಂದಕ್ಕೆ ಹಾಕಿದ್ದು ಬಿಟ್ಟರೆ ಕಾಲದ ತಪ್ಪು ಬೇರೆ ಇಲ್ಲವೆಂದು ಅವರ ಜೀವನಚರಿತ್ರೆ ಬರೆದವರು ಹೇಳಿದ್ದಾರೆ.

ನಾವಾದರೋ ದೂರವಿದ್ದೇವೆಂಬ ನೆಪ ಹೇಳುತ್ತೇವೆ. ನಮ್ಮ ಪತ್ರಿಕೆಗೆ ಬರುವ ಪ್ರೇಮಕಥೆಗಳಲ್ಲಿ ನಾಯಕ ನಾಯಕಿಯರು ಚೈತ್ರಮಾಸದಲ್ಲಿ ಭೋರ್ಗರೆಯುವ ಜೋಗದ ಮುಂದೆ ನಿಲ್ಲುತ್ತಾರೆ! ಜೋಗ ಮೈದುಂಬುವುದು ಮಳೆಗಾಲದಲ್ಲಿ. ಬೇಸಿಗೆಯಲ್ಲಿ, ಲಿಂಗನಮಕ್ಕಿಯ ಅಣೆಕಟ್ಟು ಬಂದ ಮೇಲಂತೂ, ಅಲ್ಲಿ ಕಾಣುವುದು ಹೆಚ್ಚಾಗಿ ಬಂಡೆಯೇ. ಇಲ್ಲಿಯೇ ಬೆಳೆದ ನಮ್ಮ ಮಕ್ಕಳಿಗೆ ಊರೆಂದರೆ ನಾವು ಬರೆದು ತೋರಿಸಿದಷ್ಟೆ. ಅದನ್ನೂ ತಪ್ಪಾಗಿ ಬರೆದರೆ ತಿದ್ದುವವರಾರು?

ಆದುದರಿಂದ ಪ್ರೇಮಕಥೆ ಬರೆಯಲು ಯಾರೂ ನಾಚಬೇಕಿಲ್ಲ. ಓದಲು ಮೊದಲೇ ಇಲ್ಲ. ಆದರೆ ಬರೆಯುವ ಮುಂಚೆ ಊರಿಗೆ ಹೋದಾಗ ಕಣ್ಣಾರೆ ನೋಡೋಣ. ಅಜ್ಜಿಯನ್ನೋ ಸೋದರತ್ತೆಯನ್ನೋ ಕೇಳಿ ಬರೆದಿಟ್ಟುಕೊಳ್ಳೋಣ. ಕೈ ಕೆಸರಾದರೆ ಬಾಯಿ ಮೊಸರು. ಬರಹದಲ್ಲಿಯೂ ಅಷ್ಟೆ.