ಮೊಣಕಾಲಿನ ನೋವು: ಪಾಲಕರಿಗೊಂದು ಬಿನ್ನಹ

ಖಾನಾಪುರ ತಾಲೂಕಿನ ಹಳ್ಳಿಯೊಂದರಿಂದ ಬಂದು ನಮ್ಮ ಬೋರ್ಡಿಂಗದಲ್ಲಿದ್ದ ಹುಡುಗಿಯೊಬ್ಬಳು ಮೊಣಕಾಲಿನ ಮೇಲ್ಗಡೆ ನೋಯುವದೆಂದು ಹೇಳಿದಾಗ, ಡ್ರಿಲ್ ತಪ್ಪಿಸುವ ನೆವವೆಂದೇ ನಾವು ಎಣಿಸಿದೆವು. ರಾತ್ರಿ ನೋವಿನಿಂದ ಎದ್ದು ಕೂಡ್ರುವಳೆಂದು ಗೆಳತಿಯರು ತಿಳಿಸಿದ ಮೇಲೂ ಮುಲಾಮು ಕೊಟ್ಟು ಸುಮ್ಮನಾದೆವು. ರಜೆಯಲ್ಲಿ ಮನೆಯವರು ಎಣ್ಣೆ ತಿಕ್ಕಿಸಿ ಸೊಪ್ಪಿನ ಪಟ್ಟು ಕಟ್ಟಿಸಿದರು. ಬೆಳಗಾವಿಯಲ್ಲಿ ಎಕ್ಸ್-ರೇ ತೆಗೆಯಿಸುವಷ್ಟರಲ್ಲಿ ನಾಲ್ಕು ತಿಂಗಳು ಕಳೆದಿದ್ದವು. ಜೀವ ಉಳಿಯಿತು, ಕಾಲು ಉಳಿಯಲಿಲ್ಲ. ಕೃತಕ ಕಾಲಿನಿಂದ ನಡೆದು ಬಂದೇ ಅವಳು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕುಳಿತಳು. ಈ ವಿಳಂಬದಲ್ಲಿ ನಮ್ಮ ಪಾಲೂ ಇರುವದರಿಂದ ಈ ನಾಲ್ಕು ಮಾತು ಬರೆಯುತ್ತಿರುವೆವು.

ಆ ವ್ಯಾಧಿಯ ಹೆಸರು ಆಸ್ಟಿಯೋಸಾರ್ಕೋಮಾ. ಎಲುಬಿನಲ್ಲಿಯೇ ಹುಟ್ಟುವ ಈ ಕ್ಯಾನ್ಸರ್ ವಿರಳವಾದುದು ನಿಜ. ಮಕ್ಕಳ ಕಾಲುನೋವುಗಳಲ್ಲಿ ಬಹುತೇಕವು ನಿರುಪದ್ರವಿಗಳೇ. ಆದರೆ ಇದು ಹೆಚ್ಚಾಗಿ ಬರುವದು ಮಕ್ಕಳು ಭರದಿಂದ ಬೆಳೆಯುವ ವಯಸ್ಸಿನಲ್ಲಿ, ಅದೂ ಮೊಣಕಾಲಿನ ಆಸುಪಾಸಿನಲ್ಲಿ. 1970ರ ದಶಕದ ವರೆಗೆ ಕಾಲು ಕತ್ತರಿಸುವದೊಂದೇ ಉಪಾಯವಾಗಿತ್ತು. ಕತ್ತರಿಸಿದರೂ ಬದುಕುತ್ತಿದ್ದವರು ಸುಮಾರು ಐವರಲ್ಲಿ ಒಬ್ಬರು. ರೋಗವು ಅಷ್ಟರಲ್ಲಿಯೇ ಶ್ವಾಸಕೋಶವನ್ನು ಸೇರಿರುತ್ತಿತ್ತು.

ಈಗಿನ ಕ್ರಮವೇ ಬೇರೆ. ಮೊದಲು ಕೆಲವು ವಾರ ಕೀಮೋಥೆರಪಿ ಕೊಡುವರು. ಬಳಿಕ ರೋಗ ತಗುಲಿದ ಎಲುಬನ್ನು ಸುತ್ತಲಿನ ಸ್ವಲ್ಪ ಮಾಂಸದೊಡನೆ ತೆಗೆದು, ಅಲ್ಲಿ ಲೋಹದ ಎಲುಬನ್ನೂ ಕೀಲನ್ನೂ ಕೂಡಿಸುವರು. ತರುವಾಯ ಮತ್ತೆ ಔಷಧ. ಮುಖ್ಯ ರಕ್ತನಾಳವೂ ನರಗಳೂ ರೋಗದ ಹಿಡಿತಕ್ಕೆ ಸಿಕ್ಕಿರಬಾರದು, ಅಷ್ಟೇ. ರೋಗವು ಬೇರೆಡೆಗೆ ಹಬ್ಬಿರದಿದ್ದರೆ ಸುಮಾರು ಮೂವರಲ್ಲಿ ಇಬ್ಬರು ಬದುಕಿ ಉಳಿಯುವರು. ಗಡ್ಡೆಯನ್ನು ಪೂರ್ಣ ತೆಗೆಯಲು ಬರುವಲ್ಲಿ, ಕಾಲು ಉಳಿಸಿಕೊಂಡ ಮಾತ್ರಕ್ಕೆ ಜೀವದ ಅಪಾಯವೇನೂ ಹೆಚ್ಚದು.

ಬಯಾಪ್ಸಿಯ ವಿಷಯದಲ್ಲಿ ಪಾಲಕರು ಅವಸರ ಮಾಡಬಾರದು. ಮುಂದೆ ಶಸ್ತ್ರಕ್ರಿಯೆ ನಡೆಸುವ ತಜ್ಞರೇ ಅದನ್ನು ಮಾಡುವದು, ಇಲ್ಲವೆ ಅವರು ಹೇಳಿದಂತೆ ಮಾಡಿಸುವದು ಲೇಸು. ತಪ್ಪು ಸ್ಥಳದಲ್ಲಿ ಕೊಯ್ದರೆ ಉಳಿಯಬಹುದಾಗಿದ್ದ ಕಾಲೂ ಕೈತಪ್ಪೀತು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ, ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಗಳಂಥ ಕಡೆ ಇಂಥ ತಜ್ಞರಿರುವರು.

ಗಂಡುಮಗ ಕುಂಟಿದರೆ ಆ ವಾರವೇ ಬೆಳಗಾವಿಗೆ ಹೊರಡುವ ಮನೆಯವರು, ಮಗಳು ಕುಂಟಿದರೆ ನೆರೆಯವರ ಕಣ್ಣಿಗೆ ಬೀಳದಂತೆ ಒಳಗೆ ಕೂಡ್ರಿಸುವದನ್ನು ನಾವು ಕಂಡಿರುವೆವು. ಕಾಲು ಕೊಯ್ದಾರೆಂಬ ಅಂಜಿಕೆ, ಕೊಯ್ದರೆ ಲಗ್ನವಾಗದೆಂಬ ಚಿಂತೆ! ಆ ಅಂಜಿಕೆಯಲ್ಲಿ ಕಳೆಯುವ ತಿಂಗಳುಗಳೇ ಕಾಲನ್ನು ಕಸಿದುಕೊಳ್ಳುವವು. ಕಾಲು ತೆಗೆಯಲೇಬೇಕಾಗಿ ಬಂದರೂ ಬೇಡವೆಂದು ಮಗಳನ್ನು ಮನೆಗೆ ಕರೆದೊಯ್ಯುವದನ್ನು ನಾವು ಒಪ್ಪಲಾರೆವು.

ಈಗ ನಮ್ಮ ಬೋರ್ಡಿಂಗದಲ್ಲಿ ಒಂದೇ ಕಡೆ ಮೂರು ವಾರ ನೋವಿದ್ದರೆ, ಇಲ್ಲವೆ ನೋವಿನಿಂದ ರಾತ್ರಿ ನಿದ್ದೆ ಕೆಟ್ಟರೆ, ಹುಡುಗಿಯನ್ನು ಎಕ್ಸ್-ರೇಗೆ ಕಳಿಸುತ್ತಿರುವೆವು. ತಮ್ಮನ್ನು ಕೇಳದೆ ದವಾಖಾನೆಗೆ ಏಕೆ ಒಯ್ದಿರೆಂದು ಕಳೆದ ಸಲ ಇಬ್ಬರು ತಂದೆಯರು ಸಿಟ್ಟಾಗಿ ಬಂದರು. ಅವರಿಗೆ ಚಹ ಕೊಟ್ಟು ಕಳಿಸಿದೆವು.