ಕ್ರೋಟನ್ ಸಾಕು, ದೊಡ್ಡಪತ್ರೆ ನೆಡೋಣ



ಶಾಲೆಯಲ್ಲಿ ಗಿಡ ನೆಡುವುದೆಂದರೆ ನಮ್ಮಲ್ಲಿ ಹೆಚ್ಚಾಗಿ ಕ್ರೋಟನ್ ಇಲ್ಲವೇ ಹೂವಿನ ಕುಂಡ. ಜುಲೈನಲ್ಲಿ ಫೋಟೋ ತೆಗೆಸಿಕೊಳ್ಳುತ್ತೇವೆ, ಮೇ ತಿಂಗಳಲ್ಲಿ ಕುಂಡ ಒಣಗಿ ಮೂಲೆ ಸೇರುತ್ತದೆ. ಶಾಲಾ ಪೌಷ್ಟಿಕ ತೋಟಕ್ಕೆ ಕೇಂದ್ರ ಸರಕಾರ 2019ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಆದರೂ ತಿನ್ನುವ ಸೊಪ್ಪಿಗೆ ಅಂಗಳದಲ್ಲಿ ಜಾಗ ಸಿಗುವುದು ಅಪರೂಪ.

ನಮ್ಮ ಮದ್ದೂರು, ನಾರಾಯಣಪೇಟೆ ಕಡೆಗೆ ದೊಡ್ಡಪತ್ರೆಯೇ ಸರಿ ಎಂದು ನಮ್ಮ ಅಭಿಪ್ರಾಯ. ಇಲ್ಲಿನ ಮಕ್ಕಳಿಗೆ ಅದು ತೆಲುಗಿನ ‘ವಾಮಾಕು’. ಓಮದ ವಾಸನೆ ಇರುವುದರಿಂದ ಆ ಹೆಸರು, ಆದರೆ ಓಮದ ಕಾಳು ಬಿಡುವ ಗಿಡವೇ ಬೇರೆ. ಇದು ತುಳಸಿ, ಪುದೀನದ ಕುಟುಂಬದ್ದು. ಮಗು ವಾಮಾಕು ಎಂದರೆ ಗದರಬೇಡಿ, ಹಲಗೆಯ ಮೇಲೆ ಎರಡೂ ಹೆಸರು ಬರೆಸಿ.

ಬೀಜ ಬೇಕಿಲ್ಲ. ಗೇಣುದ್ದದ ಕಡ್ಡಿ ಮುರಿದು, ಕೆಳಗಿನ ಎಲೆ ತೆಗೆದು ಊರಿದರೆ ಎರಡು ಮೂರು ವಾರದಲ್ಲಿ ಬೇರು ಬಿಡುತ್ತದೆ. ಕಾಯಜ ಸಂತಾನೋತ್ಪತ್ತಿಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉಪಕರಣ ಯಾವುದಿದೆ? ಎರೆಮಣ್ಣಾದರೆ ಮರಳು ಬೆರೆಸಬೇಕು. ಬೆಳಗಿನ ಬಿಸಿಲು ಸಾಕು, ಮಧ್ಯಾಹ್ನದ ಬಿಸಿಲಿಗೆ ನೆರಳು ಬೇಕು. ತುದಿ ಚಿವುಟುತ್ತಾ ಇದ್ದರೆ ಗಿಡ ಪೊದೆಯಾಗುತ್ತದೆ.

ನಮ್ಮ ಮೊದಲ ಗಿಡ ಸತ್ತಿದ್ದು ಬರದಿಂದಲ್ಲ, ಪ್ರೀತಿಯಿಂದ! ಮೂರು ತರಗತಿಯವರೂ ಸರದಿ ಹಚ್ಚಿಕೊಂಡು ದಿನಾ ನೀರು ಹಾಕಿದರು. ದಪ್ಪ ಎಲೆಯಲ್ಲೇ ನೀರು ಕೂಡಿಟ್ಟುಕೊಳ್ಳುವ ಗಿಡ, ಬುಡ ಕೊಳೆತು ಹೋಯಿತು. ಬೆರಳಿಟ್ಟು ನೋಡಿ, ಮೇಲಿನ ಮಣ್ಣು ಒಣಗಿದ್ದರೆ ಮಾತ್ರ ನೀರು ಎಂಬ ನಿಯಮ ಆಮೇಲೆ ಬಂತು.

ಎರಡನೆಯದು ಬೇಸಿಗೆ ರಜೆಯಲ್ಲಿ ಹೋಯಿತು. ಅದಕ್ಕೇ ಈಗ ಏಪ್ರಿಲ್‌ನಲ್ಲಿ ಮಕ್ಕಳ ಕೈಗೆ ಒಂದೊಂದು ಕಡ್ಡಿ ಕೊಟ್ಟು ಕಳಿಸುತ್ತೇವೆ. ಬಚ್ಚಲ ಹತ್ತಿರದ ನೆರಳಲ್ಲಿ, ಒಡೆದ ಕೊಡದಲ್ಲಿ ಅವು ಬದುಕುತ್ತವೆ. ಜೂನ್‌ನಲ್ಲಿ ನಾಲ್ಕು ಮನೆಯಿಂದ ವಾಪಸು ಬಂದರೂ ಶಾಲೆಗೆ ಸಾಕು. ನೆಟ್ಟ ಲೆಕ್ಕ ಕೇಳುವ ಅಧಿಕಾರಿಗಳು ಈ ಲೆಕ್ಕವನ್ನೂ ಒಮ್ಮೆ ಕೇಳಬೇಕು.

ಎಲೆಯಿಂದ ಬಜ್ಜಿ, ಚಟ್ನಿ ಮಾಡಬಹುದು. ಮಲೆನಾಡಿನವರು ಮಜ್ಜಿಗೆ ಹಾಕಿ ತಂಬುಳಿ ಮಾಡುತ್ತಾರೆ, ನಮ್ಮ ಜೋಳದ ರೊಟ್ಟಿಗೆ ಚಟ್ನಿಯೇ ಹೊಂದುತ್ತದೆ. ನೆಗಡಿಗೆ ಎಲೆ ಬಾಡಿಸಿ ರಸ ಕೊಡುವುದು ಹಳೆಯ ರೂಢಿ. ಆದರೆ ವರ್ಷ ತುಂಬದ ಕೂಸಿಗೆ ಜೇನು ಬೆರೆಸಿ ಕೊಡಬೇಡಿ. ಜ್ವರ, ಏದುಸಿರು ಇದ್ದರೆ ಎಲೆ ಹಿಂಡುತ್ತಾ ಕೂರದೆ ಆಸ್ಪತ್ರೆಗೆ ಕರೆದೊಯ್ಯಿರಿ ಎಂದು ಪಾಲಕರ ಸಭೆಯಲ್ಲಿ ಹೇಳಲೇಬೇಕು.

ಮಿರಗದ ಮಳೆ ಬಿದ್ದ ಮೇಲೆ ಬನ್ನಿ, ಮಖ್ತಲ್, ಗದ್ವಾಲ್ ಕಡೆಯ ಶಾಲೆಗಳಿಗೂ ಕಡ್ಡಿ ಕೊಡುತ್ತೇವೆ.