ಹಿಮದ ಇಳಿಜಾರಿನಲ್ಲಿ ವೇಗದ ಮಿತಿ ಯಾರ ಕೈಯಲ್ಲಿ?



ಹಿಂದೆ ನಮ್ಮ ಸಂಘದ ಮನೆಗಳಲ್ಲಿ ರಜೆ ಎಂದರೆ ಊರು, ಅಜ್ಜಿಯ ಮನೆ, ಹೆಚ್ಚೆಂದರೆ ಊಟಿ. ಈಗ ಚಳಿಗಾಲ ಬಂತೆಂದರೆ ನಿಮ್ಮ ಬಾಯಲ್ಲಿ ಬೇರೆಯೇ ಹೆಸರುಗಳು: ಗುಲ್ಮಾರ್ಗ್, ಔಲಿ, ಸೋಲಾಂಗ್. ಕೆಲಸದ ಮೇಲೆ ಜರ್ಮನಿಗೋ ಸ್ವಿಟ್ಜರ್ಲೆಂಡಿಗೋ ಹೋದವರಿಗಂತೂ ಶನಿವಾರ ಬಂದರೆ ಆಲ್ಪ್ಸ್ ಪರ್ವತ ಕರೆಯುತ್ತದೆ. ಕಾಲಿಗೆ ಎರಡು ಉದ್ದನೆಯ ಹಲಗೆ ಕಟ್ಟಿಕೊಂಡು ಬೆಟ್ಟದಿಂದ ಜಾರಿ ಬರುವ ಸ್ಕೀಯಿಂಗ್ ಆಟ ಈಗ ನಮ್ಮವರಿಗೂ ಹೊಸತಲ್ಲ.

ಹೋಗಬೇಡಿ ಎಂದು ತಡೆಯಲು ನಾನು ಇದನ್ನು ಬರೆಯುತ್ತಿಲ್ಲ. ಕೊಡಗಿನ ತೆಕ್ಕಡ ಭವಾನಿ 2024ರಲ್ಲಿ ಗುಲ್ಮಾರ್ಗ್‌ನಲ್ಲಿ ನಡೆದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಕರ್ನಾಟಕಕ್ಕೆ ಚಿನ್ನ ತಂದಾಗ ಹೆಮ್ಮೆಪಟ್ಟವರಲ್ಲಿ ನಾನೂ ಒಬ್ಬಳು. ಹೋಗಿ, ಆಡಿ, ಸಂತೋಷಪಡಿ. ಆದರೆ ಹೊರಡುವ ಮೊದಲು ಒಂದು ಪ್ರಶ್ನೆಗೆ ಉತ್ತರ ತಿಳಿದುಕೊಳ್ಳಿ. ಹೆದ್ದಾರಿಯಲ್ಲಿ ವೇಗದ ಮಿತಿ ಬರೆದ ಫಲಕ ಇರುತ್ತದೆ. ಹಿಮದ ಇಳಿಜಾರಿನಲ್ಲಿ ಆ ಮಿತಿಯನ್ನು ಹೇಳುವವರು ಯಾರು?

ಬಹುಪಾಲು ಕಡೆ ಅಂಥ ಅಂಕಿಯೇ ಇರುವುದಿಲ್ಲ. ಜನ ಸೇರುವ ಜಾಗದಲ್ಲಿ, ಕಲಿಯುವವರ ಇಳಿಜಾರಿನಲ್ಲಿ, ದಾರಿಗಳು ಕೂಡುವಲ್ಲಿ ‘ನಿಧಾನ’ ಎಂಬ ಬ್ಯಾನರ್ ಕಟ್ಟಿರುತ್ತಾರೆ. ವಿದೇಶದ ಅನೇಕ ಕಡೆ, ಹೇಳಿದರೂ ಕೇಳದೆ ನುಗ್ಗುವವರ ಪಾಸನ್ನು ಕಾವಲಿನವರು ಕಿತ್ತುಕೊಳ್ಳುತ್ತಾರೆ. ಆದರೆ ಇಡೀ ಬೆಟ್ಟಕ್ಕೆ ಒಂದೇ ಅಂಕಿ ಬರೆದಿಟ್ಟರೆ ಪ್ರಯೋಜನವಿಲ್ಲ. ಪಳಗಿದವರಿಗೆ ನಿಧಾನ ಎನಿಸುವ ವೇಗ ನಿನ್ನೆ ಕಲಿತವರಿಗೆ ಅಪಾಯ. ಬೆಳಿಗ್ಗೆ ಗಾಜಿನಂತೆ ಗಟ್ಟಿಯಾಗಿದ್ದ ಹಿಮ ಮಧ್ಯಾಹ್ನಕ್ಕೆ ಕರಗಿ ಕಾಲನ್ನು ಹಿಡಿದೆಳೆಯುತ್ತದೆ. ಮಂಜು ಮುಸುಕಿದರೆ ಹತ್ತು ಮಾರು ಮುಂದಿನದೂ ಕಾಣುವುದಿಲ್ಲ.

ಹಾಗಾದರೆ ನಿಯಮವೇ ಇಲ್ಲವೇ? ಇದೆ. ಅಂತರರಾಷ್ಟ್ರೀಯ ಸ್ಕೀ ಫೆಡರೇಷನ್ 1967ರಲ್ಲೇ ನಡತೆಯ ನಿಯಮಗಳನ್ನು ಮಾಡಿತು. ಇಂದು ಅವು ಹತ್ತು. ಅವುಗಳಲ್ಲಿ ಎಲ್ಲೂ ಕಿಲೋಮೀಟರ್ ಲೆಕ್ಕವಿಲ್ಲ. ಎರಡನೆಯ ನಿಯಮದ ಸಾರ ಇಷ್ಟು: ನಿಮ್ಮ ಕೌಶಲ, ಇಳಿಜಾರು, ಹಿಮ, ಹವೆ, ಜನಸಂದಣಿ ಎಲ್ಲವನ್ನೂ ನೋಡಿಕೊಂಡು ನಿಮ್ಮ ಹಿಡಿತದಲ್ಲಿರುವ ವೇಗದಲ್ಲಿ ಹೋಗಬೇಕು. ಅಂದರೆ ಕಣ್ಣಿಗೆ ಕಾಣುವಷ್ಟು ದೂರದೊಳಗೆ ನಿಲ್ಲಲು ಬರಬೇಕು. ಮೂರನೆಯ ನಿಯಮ ಇನ್ನೂ ಮುಖ್ಯ. ಮುಂದೆ, ಅಂದರೆ ಕೆಳಗೆ ಇರುವವರಿಗೆ ಮೊದಲ ಹಕ್ಕು. ಹಿಂದಿನಿಂದ ಬರುವವರೇ ಅವರಿಗೆ ತೊಂದರೆಯಾಗದಂತೆ ದಾರಿ ಆರಿಸಿಕೊಳ್ಳಬೇಕು.

ಚಾರ್ಮಾಡಿ ಘಾಟಿಯಲ್ಲೋ ಆಗುಂಬೆಯಲ್ಲೋ ಬಸ್ಸಿನಲ್ಲಿ ಹೋದವರಿಗೆ ಈ ನ್ಯಾಯ ಹೊಸದಲ್ಲ. ಕಿರಿದಾದ ಘಾಟಿಯಲ್ಲಿ ಇಳಿದು ಬರುವ ಗಾಡಿ ಬದಿಗೆ ನಿಂತು, ಹತ್ತಿ ಬರುವ ಗಾಡಿಗೆ ದಾರಿ ಬಿಡಬೇಕು. ಹಿಮದಲ್ಲೂ ಮೇಲಿರುವವರ ಮೇಲೆಯೇ ಹೊಣೆ ಹೆಚ್ಚು. ಕೆಳಗಿರುವವರಿಗೆ ಬೆನ್ನಿನಲ್ಲಿ ಕಣ್ಣಿಲ್ಲ, ನೋಡಬಲ್ಲವರು ಮೇಲಿರುವವರು ಮಾತ್ರ.

ಇದು ಬರೀ ಪುಸ್ತಕದ ಮಾತಲ್ಲ. 2009ರ ಜನವರಿ 1ರಂದು ಆಸ್ಟ್ರಿಯಾದ ರೀಸ್ನೆರಾಲ್ಮ್ ಎಂಬಲ್ಲಿ ಜರ್ಮನಿಯ ತುರಿಂಗಿಯಾ ರಾಜ್ಯದ ಮುಖ್ಯಮಂತ್ರಿ ಡೀಟರ್ ಆಲ್ತೌಸ್ ಎರಡು ದಾರಿ ಕೂಡುವಲ್ಲಿ ಒಬ್ಬ ಮಹಿಳೆಗೆ ಡಿಕ್ಕಿ ಹೊಡೆದರು. ಅವರ ತಲೆಯ ಮೇಲೆ ಹೆಲ್ಮೆಟ್ ಇತ್ತು, ಆಕೆಗೆ ಇರಲಿಲ್ಲ. ಅವರು ತೀವ್ರವಾಗಿ ಗಾಯಗೊಂಡರೂ ಬದುಕಿದರು. ಆಕೆ ಬದುಕಲಿಲ್ಲ. ಮನೆಯಲ್ಲಿ ತಾಯಿಗಾಗಿ ಕಾಯುವ ಮಗು ಇತ್ತು. ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದರೆಂದು ನ್ಯಾಯಾಲಯ ಅವರಿಗೆ 33,300 ಯೂರೋ ದಂಡ ವಿಧಿಸಿತು. ಅವರೇನೂ ಕೆಟ್ಟ ಮನುಷ್ಯರೆಂದು ನಾನು ಹೇಳುತ್ತಿಲ್ಲ. ಹೊಸ ವರ್ಷದ ರಜೆಯಲ್ಲಿ ಒಂದು ಕ್ಷಣದಲ್ಲಿ ನಡೆದು ಹೋದದ್ದು ಅದು. ಆದರೆ ಆ ಮಗುವಿಗೆ ಯಾವ ದಂಡದಿಂದಲೂ ತಾಯಿ ಮರಳಿ ಬರಲಿಲ್ಲ.

ಹಾಲಿವುಡ್ ನಟಿ ಗ್ವಿನೆತ್ ಪಾಲ್ಟ್ರೋ ಮೇಲಿನ ಮೊಕದ್ದಮೆ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. 2016ರಲ್ಲಿ ಅಮೆರಿಕದ ಯೂಟಾ ರಾಜ್ಯದಲ್ಲಿ ನಡೆದ ಡಿಕ್ಕಿಯ ವಿಚಾರಣೆ 2023ರಲ್ಲಿ ನಡೆಯಿತು. ಅಲ್ಲಿಯೂ ಮುಖ್ಯ ಪ್ರಶ್ನೆ ಇಬ್ಬರಲ್ಲಿ ಕೆಳಗಿದ್ದವರು ಯಾರು ಎಂಬುದೇ. ತಪ್ಪು ನಟಿಯದಲ್ಲ ಎಂದು ಜ್ಯೂರಿ ತೀರ್ಮಾನಿಸಿತು.

ಈಗ ಶಾಲೆಯ ಭೌತಶಾಸ್ತ್ರವನ್ನು ಸ್ವಲ್ಪ ನೆನಪಿಸಿಕೊಳ್ಳಿ. ವೇಗ ಎರಡರಷ್ಟಾದರೆ ಪೆಟ್ಟಿನ ಶಕ್ತಿ ಎರಡರಷ್ಟಲ್ಲ, ನಾಲ್ಕರಷ್ಟು. ಗಂಟೆಗೆ 30 ಕಿ.ಮೀ. ವೇಗದಲ್ಲಿ ಮರಕ್ಕೆ ಬಡಿದರೆ ಸುಮಾರು ಮೂರೂವರೆ ಮೀಟರ್ ಎತ್ತರದಿಂದ ಬಿದ್ದಂತೆ, ಅಂದರೆ ಮೊದಲ ಮಹಡಿಯ ಬಾಲ್ಕನಿಯಿಂದ. 60 ಕಿ.ಮೀ. ಆದರೆ ಹದಿನಾಲ್ಕು ಮೀಟರ್, ಅಂದರೆ ನಾಲ್ಕಂತಸ್ತಿನ ಕಟ್ಟಡದ ತಾರಸಿಯಿಂದ. ಆ ವೇಗದಲ್ಲಿ ಒಂದು ಸೆಕೆಂಡಿಗೆ ಹದಿನೇಳು ಮೀಟರ್ ದೂರ ಸರಿದು ಹೋಗಿರುತ್ತೀರಿ. ‘ಅಯ್ಯೋ’ ಎನ್ನುವಷ್ಟರಲ್ಲಿ ಮುಂದಿನವರ ಬೆನ್ನು ಬಂದಿರುತ್ತದೆ.

ಹೆಲ್ಮೆಟ್ ಇದ್ದರೆ ಏನೂ ಆಗದು ಎಂಬ ಭರವಸೆಯೂ ಬೇಡ, ಹೆಲ್ಮೆಟ್ ಇಲ್ಲದೆ ಹೋಗುವ ಧೈರ್ಯವೂ ಬೇಡ. ಯುರೋಪಿನ ಮಾನಕದ ಪ್ರಕಾರ ಸ್ಕೀ ಹೆಲ್ಮೆಟ್ಟನ್ನು ಸುಮಾರು ಒಂದೂವರೆ ಮೀಟರ್ ಎತ್ತರದಿಂದ ಬೀಳಿಸಿ ಪರೀಕ್ಷಿಸುತ್ತಾರೆ. ಅದು ಗಂಟೆಗೆ 20 ಕಿ.ಮೀ. ವೇಗದ ಪೆಟ್ಟಿಗೆ ಸಮ. ಅದಕ್ಕಿಂತ ಜೋರಾದ ಪೆಟ್ಟಿನಲ್ಲೂ ಅದು ಒಂದಿಷ್ಟು ಕಾಪಾಡಬಹುದು, ಆದರೆ ಪವಾಡ ಮಾಡುವುದಿಲ್ಲ. ಹಾಗಿದ್ದರೂ ತಲೆಯ ಗಾಯಗಳನ್ನು ಅದು ಕಡಿಮೆ ಮಾಡುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಇಟಲಿಯಲ್ಲಿ 2025ರ ನವೆಂಬರ್‌ನಿಂದ ಎಲ್ಲ ವಯಸ್ಸಿನವರಿಗೂ ಹೆಲ್ಮೆಟ್ ಕಡ್ಡಾಯ. ಇನ್ನೊಬ್ಬರಿಗೆ ಆಗುವ ಹಾನಿಯ ವಿಮೆಯೂ ಅಲ್ಲಿ 2022ರಿಂದ ಕಡ್ಡಾಯವಾಗಿದೆ.

ನಮ್ಮ ಕಟ್ಟಡದ ಹುಡುಗಿಯೊಬ್ಬಳು ಹಿಮಾಚಲಕ್ಕೆ ಹೋಗಿ ಬಂದು ಫೋಟೋ ತೋರಿಸಿದಳು. ಕಾಲಲ್ಲಿ ಸ್ಕೀ, ತಲೆಯ ಮೇಲೆ ಉಣ್ಣೆಯ ಟೋಪಿ. “ಹೆಲ್ಮೆಟ್ ಎಲ್ಲಮ್ಮಾ?” ಎಂದೆ. “ಬಾಡಿಗೆಗೆ ಕೊಟ್ಟವರ ಹತ್ತಿರ ಇರಲೇ ಇಲ್ಲ ಆಂಟಿ, ಐದು ನಿಮಿಷ ತಾನೇ ಎಂದರು” ಎಂದಳು. ಆ ಐದು ನಿಮಿಷದ ಬಗ್ಗೆಯೇ ನನಗೆ ಹೇಳಬೇಕಾಗಿದೆ. ನಟಿ ನತಾಶಾ ರಿಚರ್ಡ್‌ಸನ್ 2009ರ ಮಾರ್ಚ್‌ನಲ್ಲಿ ಕೆನಡಾದ ಮೋಂ ತ್ರಾಂಬ್ಲಾಂನಲ್ಲಿ ಬಿದ್ದದ್ದು ಹೊಸಬರು ಕಲಿಯುವ ಇಳಿಜಾರಿನಲ್ಲಿ. ಹೆಲ್ಮೆಟ್ ಇರಲಿಲ್ಲ. ಎದ್ದರು, ಏನೂ ಆಗಿಲ್ಲ ಎಂದರು, ಬಂದ ಆಂಬುಲೆನ್ಸನ್ನು ಹಿಂದಕ್ಕೆ ಕಳಿಸಿದರು. ಸ್ವಲ್ಪ ಹೊತ್ತಿಗೆ ತಲೆನೋವು ಶುರುವಾಯಿತು. ತಲೆಬುರುಡೆಯೊಳಗೆ ರಕ್ತಸ್ರಾವವಾಗಿತ್ತು. ಎರಡು ದಿನಗಳಲ್ಲಿ ತೀರಿಕೊಂಡರು. ತಲೆಗೆ ಪೆಟ್ಟು ಬಿದ್ದಾಗ ‘ಪರವಾಗಿಲ್ಲ’ ಎಂಬ ನಮ್ಮ ಮಾತನ್ನು ನಾವೇ ನಂಬಬಾರದು. ಅಂಥವರನ್ನು ಒಂಟಿಯಾಗಿ ಕೋಣೆಗೆ ಕಳಿಸದೆ ವೈದ್ಯರ ಬಳಿ ಕರೆದೊಯ್ಯಿರಿ.

ದೂರದ ಬೆಟ್ಟ ನುಣ್ಣಗೆ ಎಂದರು ನಮ್ಮ ಹಿರಿಯರು. ಹಿಮದ ಬೆಟ್ಟ ಹತ್ತಿರದಿಂದಲೂ ನುಣ್ಣಗೇ ಕಾಣುತ್ತದೆ, ಅದೇ ಅದರ ಮೋಸ. ಏಳು ಬಾರಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆಗಿದ್ದ ಮೈಕೆಲ್ ಶೂಮಾಕರ್ 2013ರ ಡಿಸೆಂಬರ್ 29ರಂದು ಫ್ರಾನ್ಸಿನ ಮೆರಿಬೆಲ್‌ನಲ್ಲಿ ಗುರುತು ಮಾಡಿದ ದಾರಿಯಿಂದ ಕೆಲವೇ ಮೀಟರ್ ಆಚೆ ಹೋಗಿದ್ದರು. ವೇಗ ಅತಿಯಾಗಿರಲಿಲ್ಲ ಎಂದೇ ತನಿಖೆಯವರು ಹೇಳಿದರು. ಆದರೆ ಅಲ್ಲಿ ಬಂಡೆಗಳಿದ್ದವು. ತಲೆ ಬಂಡೆಗೆ ಬಡಿದು ಹೆಲ್ಮೆಟ್ ಒಡೆಯಿತು. ಅಂದಿನಿಂದ ಅವರು ಸಾರ್ವಜನಿಕರ ಮುಂದೆ ಬಂದಿಲ್ಲ.

ಗುಲ್ಮಾರ್ಗ್‌ನಲ್ಲಿ ಗೊಂಡೋಲಾ ನಿಮ್ಮನ್ನು ಅಫರ್ವತ್‌ನ ಬದಿಯಲ್ಲಿ 3,900 ಮೀಟರಿಗೂ ಮೇಲೆ ಒಯ್ಯುತ್ತದೆ. ಟಿಕೆಟ್ ಕೊಂಡವರೆಲ್ಲ ಹತ್ತಬಹುದು, ಆದರೆ ಹತ್ತಿದವರೆಲ್ಲ ಸ್ಕೀಯಲ್ಲಿ ಇಳಿಯಲಾರರು. 2024ರ ಫೆಬ್ರವರಿಯಲ್ಲಿ ಅಲ್ಲಿನ ಹಿಮಪಾತದಲ್ಲಿ ವಿದೇಶಿ ಸ್ಕೀಯರ್ ಒಬ್ಬರು ಪ್ರಾಣ ಕಳೆದುಕೊಂಡರು. ಹೊಸಬರಿಗೆ ಕೆಳಗಿನ ಬಯಲಿನ ಇಳಿಜಾರೇ ಸಾಕು.

ಆದ್ದರಿಂದ ಮೊದಲ ದಿನ ಜಾರುವುದಕ್ಕಿಂತ ಮೊದಲು ನಿಲ್ಲುವುದನ್ನು ಕಲಿಯಿರಿ. ಸ್ಕೀಗಳ ತುದಿಗಳನ್ನು ಹತ್ತಿರ ತಂದು ಹಿಮ್ಮಡಿಗಳನ್ನು ಅಗಲಿಸಿದರೆ ವೇಗ ತಗ್ಗುತ್ತದೆ. ಮಕ್ಕಳಿಗೆ ಕಲಿಸುವವರು ಆ ಆಕಾರಕ್ಕೆ ‘ಪಿಜ್ಜಾ’ ಎನ್ನುತ್ತಾರೆ, ಹಾಗಾಗಿ ನೀವಂತೂ ಮರೆಯಲಾರಿರಿ! ದಾರಿಯ ನಡುವೆ, ದಿಬ್ಬದ ಮರೆಯಲ್ಲಿ ನಿಂತು ಫೋಟೋ ತೆಗೆಯಬೇಡಿ, ಅಂಚಿಗೆ ಸರಿಯಿರಿ. ಹೊರಡುವಾಗ ಮೇಲಕ್ಕೊಮ್ಮೆ ನೋಡಿ. ಯಾರಾದರೂ ಬಿದ್ದರೆ ನಿಂತು ನೆರವಾಗಿ. ಡಿಕ್ಕಿಯಾದರೆ ಹೆಸರು, ವಿಳಾಸ ಕೊಡದೆ ಜಾಗ ಬಿಡಬೇಡಿ. ಇವೂ ಆ ಹತ್ತು ನಿಯಮಗಳಿಗೆ ಸೇರಿದವೇ.

ಕೊನೆಯದಾಗಿ, ಗೆಳೆಯರೆಲ್ಲ ಇನ್ನೊಂದು ಸುತ್ತು, ಇನ್ನೂ ಮೇಲಿನಿಂದ ಎಂದು ಎಳೆಯುತ್ತಾರೆ. ಸಂಜೆಯಾಗಿರುತ್ತದೆ, ಕಾಲು ಸೋತಿರುತ್ತದೆ. ಆಗ “ನನಗೆ ಇವತ್ತಿಗೆ ಸಾಕು” ಎನ್ನಲು ನಾಚಬೇಡಿ. ಹಿಮದ ಮೇಲೆ ವೇಗದ ಮಿತಿಯ ಫಲಕ ಇಲ್ಲದಿರುವುದರಿಂದ ಅದನ್ನು ನೀವೇ ನೆಟ್ಟುಕೊಳ್ಳಬೇಕು. ಅದನ್ನು ಎಲ್ಲಿ ನೆಡುತ್ತೀರಿ ಎಂಬುದರ ಮೇಲೆ ನಿಮ್ಮ ಪ್ರಾಣ ಮಾತ್ರವಲ್ಲ, ಕೆಳಗೆ ಬೆನ್ನು ಮಾಡಿ ಹೋಗುತ್ತಿರುವ ಯಾರದೋ ಮನೆಯವರ ಪ್ರಾಣವೂ ನಿಂತಿದೆ.

ಪ್ರವಾಸ ಸುಖಕರವಾಗಲಿ. ಬಂದ ಮೇಲೆ ಫೋಟೋ ತೋರಿಸಲು ಮರೆಯಬೇಡಿ, ತಲೆಯ ಮೇಲೆ ಹೆಲ್ಮೆಟ್ ಇದೆಯೇ ಎಂದು ನಾನು ನೋಡಿಯೇ ನೋಡುತ್ತೇನೆ!